ಬೀಜದ ಮೊಳಕೆ ಮತ್ತು ಸಸ್ಯಪೋಷಣೆಯಲ್ಲಿ ಸಾವಯವ ಆಮ್ಲಗಳು

ಇಂಗಾಲದ ಸರಪಳಿಗೆ ಒಂದೋ ಎರಡೋ ಮೂರೋ ಕಾರ್ಬಾಕ್ಸಿಲ್ ಗುಂಪುಗಳು ಸೇರಿ ಆದ ಸಂಯುಕ್ತಗಳು ಸಾವಯವ ಆಮ್ಲಗಳು. ನಿಂಬೆಯ ಸಿಟ್ರಿಕ್, ಸೇಬಿನ ಮ್ಯಾಲಿಕ್, ಹುಣಸೆಯ ಟಾರ್ಟಾರಿಕ್, ಮೊಸರಿನ ಲ್ಯಾಕ್ಟಿಕ್, ವಿನಿಗರಿನ ಅಸಿಟಿಕ್ ಆಮ್ಲಗಳನ್ನು ನಾಲಗೆಯೇ ಗುರುತಿಸುತ್ತದೆ. ಸಕ್ಸಿನಿಕ್, ಫ್ಯೂಮರಿಕ್, ಆಕ್ಸಾಲಿಕ್, ಮ್ಯಾಲೋನಿಕ್ ಮುಂತಾದವು ಅಷ್ಟು ಪರಿಚಿತವಲ್ಲದಿದ್ದರೂ ಹಸಿರು ಗಿಡಗಳಲ್ಲಿ ಒಂದಲ್ಲ ಒಂದು ಪ್ರಮಾಣದಲ್ಲಿವೆ. ಇವುಗಳಲ್ಲಿ ಹಲವನ್ನು ಮೊದಲು ಬೇರ್ಪಡಿಸಿದವನು ಸ್ವೀಡನ್ನಿನ ಔಷಧಿಕಾರ ಕಾರ್ಲ್ ವಿಲ್ಹೆಲ್ಮ್ ಷೀಲೆ. 1784ರಲ್ಲಿ ನಿಂಬೆರಸದಿಂದ ಸಿಟ್ರಿಕ್ ಆಮ್ಲದ ಹರಳುಗಳನ್ನೂ ಮರುವರ್ಷ ಸೇಬಿನಿಂದ ಮ್ಯಾಲಿಕ್ ಆಮ್ಲವನ್ನೂ ಅವನು ಪಡೆದ. ಹಣ್ಣಿಗೆ ಹುಳಿ ಕೊಡುವುದು ಈ ಆಮ್ಲಗಳ ಅತ್ಯಂತ ಗೌಣವಾದ ಕೆಲಸ ಎಂಬುದು ಗೊತ್ತಾಗಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು.

ಮುಂದಿನ ಚರ್ಚೆಗೆ ಒಂದು ರಾಸಾಯನಿಕ ಸಂಗತಿ ತಿಳಿದಿರಬೇಕು. ಜೀವಕೋಶದ ಜೀವರಸದಲ್ಲಿ ಪಿಎಚ್ 7ಕ್ಕಿಂತ ತುಸು ಹೆಚ್ಚು. ಅಲ್ಲಿ ಈ ಆಮ್ಲಗಳು ಆಮ್ಲಗಳಾಗಿ ಉಳಿಯುವುದಿಲ್ಲ. ಪ್ರೋಟಾನನ್ನು ಕಳಚಿಕೊಂಡು ಸಿಟ್ರೇಟ್, ಮ್ಯಾಲೇಟ್, ಆಕ್ಸಲೇಟ್ ಎಂಬ ಋಣ ಅಯಾನುಗಳಾಗಿರುತ್ತವೆ. ಬೇರು ಮಣ್ಣಿಗೆ ಬಿಡುವುದೂ ಈ ಅಯಾನುಗಳನ್ನೇ. ಮಣ್ಣನ್ನು ಹುಳಿಗೊಳಿಸುವ ಪ್ರೋಟಾನುಗಳನ್ನು ಕೋಶಪೊರೆಯಲ್ಲಿರುವ ಬೇರೊಂದು ಪಂಪು ಹೊರಗೆ ತಳ್ಳುತ್ತದೆ. ಹಾಗಾಗಿ ಕೆಲಸಗಳೂ ಎರಡು. ಖನಿಜವನ್ನು ಕರಗಿಸುವುದು ಪ್ರೋಟಾನಿನ ಕೆಲಸ. ಕಬ್ಬಿಣ, ಅಲ್ಯೂಮಿನಿಯಂ, ಕ್ಯಾಲ್ಸಿಯಂನಂಥ ಲೋಹಗಳನ್ನು ಎರಡು ಮೂರು ಕಡೆಯಿಂದ ಕಚ್ಚಿ ಹಿಡಿಯುವುದು ಋಣ ಅಯಾನಿನ ಕೆಲಸ. ಜನಪ್ರಿಯ ಕೃಷಿ ಬರಹಗಳಲ್ಲಿ ಇವೆರಡೂ ಒಂದೇ ಎಂಬಂತೆ ಬರುತ್ತವೆ. ನಿಂಬೆರಸ ಸುರಿದರೆ ಮಣ್ಣು ಫಲವತ್ತಾಗುತ್ತದೆ ಎಂಬಂಥ ಸಲಹೆಗಳು ಹುಟ್ಟುವುದು ಈ ಗೊಂದಲದಿಂದ.

ಬೀಜದೊಳಗೆ

ಒಣಬೀಜದಲ್ಲಿ ಉಸಿರಾಟ ಅಳೆಯಲಾಗದಷ್ಟು ಮಂದ. ನೀರು ಕುಡಿದ ಕೆಲವೇ ಗಂಟೆಗಳಲ್ಲಿ ಮೈಟೊಕಾಂಡ್ರಿಯಾಗಳು ಚುರುಕಾಗಿ ಸಿಟ್ರಿಕ್ ಆಮ್ಲ ಚಕ್ರ ತಿರುಗತೊಡಗುತ್ತದೆ. ಹಾನ್ಸ್ ಕ್ರೆಬ್ಸ್ ಮತ್ತು ವಿಲಿಯಂ ಜಾನ್ಸನ್ 1937ರಲ್ಲಿ ಪಾರಿವಾಳದ ಎದೆಯ ಸ್ನಾಯುವನ್ನಿಟ್ಟುಕೊಂಡು ಕಂಡುಹಿಡಿದ ಈ ಚಕ್ರ ಭತ್ತದ ಕಾಳಿನಲ್ಲೂ ಹಾಗೆಯೇ ನಡೆಯುತ್ತದೆ. ಸಿಟ್ರೇಟ್, ಆಲ್ಫಾ ಕೀಟೊಗ್ಲುಟರೇಟ್, ಸಕ್ಸಿನೇಟ್, ಫ್ಯೂಮರೇಟ್, ಮ್ಯಾಲೇಟ್ ಒಂದರ ಹಿಂದೊಂದು ಬದಲಾಗುತ್ತ ಶಕ್ತಿ ಬಿಡುಗಡೆಯಾಗುತ್ತದೆ. ಇದರಷ್ಟೇ ಮುಖ್ಯವಾದ ಇನ್ನೊಂದು ಕೆಲಸ, ಹೊಸ ಅಂಗಾಂಶ ಕಟ್ಟಲು ಬೇಕಾದ ಇಂಗಾಲದ ಚೌಕಟ್ಟುಗಳನ್ನು ಒದಗಿಸುವುದು. ಬೀಜದಲ್ಲಿ ಕೂಡಿಟ್ಟ ಪ್ರೋಟೀನು ಒಡೆದಾಗ ಹೊರಬರುವ ಅಮೋನಿಯಾವನ್ನು ಹಿಡಿದಿಟ್ಟು ಮತ್ತೆ ಅಮೈನೊ ಆಮ್ಲವಾಗಿಸಲು ಆಲ್ಫಾ ಕೀಟೊಗ್ಲುಟರೇಟ್ ಇರಲೇಬೇಕು.

ಧಾನ್ಯಗಳ ಬೀಜದಲ್ಲಿ ಮ್ಯಾಲಿಕ್ ಆಮ್ಲಕ್ಕೆ ಮತ್ತೊಂದು, ಹೆಚ್ಚು ಕುತೂಹಲದ ಪಾತ್ರವಿದೆ. ಬಾರ್ಲಿ ಕಾಳಿನ ಪಿಷ್ಟಭಾಗ, ಅಂದರೆ ಭ್ರೂಣಾಹಾರ, ಬಹುತೇಕ ನಿರ್ಜೀವ ಉಗ್ರಾಣ. ಅದರ ಸುತ್ತ ಅಲ್ಯೂರೋನ್ ಎಂಬ ತೆಳುವಾದ ಜೀವಂತ ಪದರವಿದೆ. ಭ್ರೂಣದಿಂದ ಜಿಬ್ಬರೆಲಿನ್ ಬಂದು ತಾಗಿದಾಗ ಈ ಪದರ ಪಿಷ್ಟ ಒಡೆಯುವ ಆಲ್ಫಾ ಅಮೈಲೇಸ್ ಕಿಣ್ವವನ್ನು ಸುರಿಸುತ್ತದೆ ಎಂಬುದು ಪಠ್ಯಪುಸ್ತಕಗಳಲ್ಲಿ ಬರುವ ಮಾತು. ಅಲ್ಯೂರೋನ್ ಪದರ ಮ್ಯಾಲಿಕ್ ಆಮ್ಲವನ್ನೂ ಫಾಸ್ಫಾರಿಕ್ ಆಮ್ಲವನ್ನೂ ಹೊರಬಿಟ್ಟು ಆ ಉಗ್ರಾಣದ ಪಿಎಚ್ಚನ್ನು 5ರ ಸುತ್ತಮುತ್ತ ಇರಿಸುತ್ತದೆ ಎಂಬುದು ಅಷ್ಟಾಗಿ ಬರುವುದಿಲ್ಲ. ಪಿಷ್ಟ ಮತ್ತು ಪ್ರೋಟೀನುಗಳನ್ನು ಒಡೆಯುವ ಕಿಣ್ವಗಳು ಚೆನ್ನಾಗಿ ದುಡಿಯುವುದು ಇಂಥ ಹುಳಿ ಪರಿಸರದಲ್ಲೇ.

ಎಣ್ಣೆಬೀಜಗಳ ಕಥೆ ಬೇರೆ. ಹರಳು ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ. ಎಣ್ಣೆಯನ್ನು ಸೀದಾ ಉಸಿರಾಟದ ಚಕ್ರಕ್ಕೆ ಹಾಕಿದರೆ ಇಂಗಾಲವೆಲ್ಲ ಇಂಗಾಲದ ಡೈ ಆಕ್ಸೈಡ್ ಆಗಿ ಹೋಗುತ್ತದೆ, ಸಸಿ ಕಟ್ಟಲು ಏನೂ ಉಳಿಯದು. ಎಳೆಸಸಿಗೆ ಬೇಕಿರುವುದು ಬೇರಿನವರೆಗೂ ಸಾಗಬಲ್ಲ ಸಕ್ಕರೆ. ಪ್ರಾಣಿಗಳಿಗೆ ಕೊಬ್ಬಿನಿಂದ ಸಕ್ಕರೆ ಮಾಡಿಕೊಳ್ಳುವ ನೇರ ದಾರಿಯಿಲ್ಲ; ಮೊಳೆಯುವ ಎಣ್ಣೆಬೀಜಕ್ಕೆ ಇದೆ. ಅದೇ ಗ್ಲೈಆಕ್ಸಿಲೇಟ್ ಚಕ್ರ. ಹಾನ್ಸ್ ಕೋರ್ನ್‌ಬರ್ಗ್ ಮತ್ತು ಕ್ರೆಬ್ಸ್ 1957ರಲ್ಲಿ ಸೂಕ್ಷ್ಮಜೀವಿಗಳಲ್ಲಿ ಇದನ್ನು ಗುರುತಿಸಿದರು. ಅದೇ ವರ್ಷ ಕೋರ್ನ್‌ಬರ್ಗ್ ಮತ್ತು ಹ್ಯಾರಿ ಬೀವರ್ಸ್ ಮೊಳೆಯುವ ಹರಳು ಬೀಜದಲ್ಲೂ ಅದನ್ನು ತೋರಿಸಿದರು. ಐಸೊಸಿಟ್ರೇಟ್ ಲಯೇಸ್, ಮ್ಯಾಲೇಟ್ ಸಿಂಥೇಸ್ ಎಂಬ ಎರಡು ಕಿಣ್ವಗಳು ಸಿಟ್ರಿಕ್ ಆಮ್ಲ ಚಕ್ರದಲ್ಲಿ ಇಂಗಾಲ ನಷ್ಟವಾಗುವ ಎರಡು ಮೆಟ್ಟಿಲುಗಳನ್ನು ತಪ್ಪಿಸಿ ಅಡ್ಡದಾರಿ ಹಾಕುತ್ತವೆ. ಈ ದಾರಿಯಲ್ಲಿ ಸಿಗುವ ಸಕ್ಸಿನೇಟ್ ಮ್ಯಾಲೇಟ್ ಆಗಿ, ಕೊನೆಗೆ ಸುಕ್ರೋಸ್ ಆಗುತ್ತದೆ. ಈ ಕೆಲಸಕ್ಕೆಂದೇ ಇರುವ ಕೋಶಾಂಗಗಳನ್ನು ಬೀವರ್ಸ್ ಪ್ರಯೋಗಾಲಯ 1967ರಲ್ಲಿ ಬೇರ್ಪಡಿಸಿ ಗ್ಲೈಆಕ್ಸಿಸೋಮ್ ಎಂದು ಕರೆಯಿತು. ನೆಲಗಡಲೆ, ಸೂರ್ಯಕಾಂತಿ, ಕುಂಬಳ ಬೀಜಗಳಲ್ಲೂ ಇವು ಇವೆ. ಬೀಜದಳ ಹಸಿರಾಗಿ ತಾನೇ ಅನ್ನ ಬೇಯಿಸಿಕೊಳ್ಳಲು ಶುರುಮಾಡಿದ ಮೇಲೆ ಈ ಕಿಣ್ವಗಳು ಇಳಿಮುಖವಾಗುತ್ತವೆ.

ಫೈಟಿಕ್ ಆಮ್ಲವನ್ನು ಈ ಗುಂಪಿಗೆ ಸೇರಿಸುವುದು ಸ್ವಲ್ಪ ಎಳೆದಾಡಿದಂತೆಯೇ ಸರಿ. ಅದರಲ್ಲಿ ಕಾರ್ಬಾಕ್ಸಿಲ್ ಗುಂಪಿಲ್ಲ, ಇನಾಸಿಟಾಲ್ ಅಣುವಿಗೆ ಆರು ಫಾಸ್ಫೇಟುಗಳು ಅಂಟಿಕೊಂಡಿವೆ. ಆದರೂ ಬೀಜಪೋಷಣೆಯ ಮಾತಿನಲ್ಲಿ ಅದನ್ನು ಬಿಡುವಂತಿಲ್ಲ. ಬೀಜದಲ್ಲಿರುವ ರಂಜಕದ ಬಹುಪಾಲು, ಧಾನ್ಯಗಳಲ್ಲಿ ಸುಮಾರು ಶೇ. 60ರಿಂದ 80, ಈ ರೂಪದಲ್ಲಿರುತ್ತದೆ. ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಕಬ್ಬಿಣ, ಸತುಗಳೂ ಇದಕ್ಕೆ ಕಟ್ಟುಬಿದ್ದಿರುತ್ತವೆ. ಮೊಳಕೆಯೊಡೆಯುವಾಗ ಫೈಟೇಸ್ ಕಿಣ್ವ ಫಾಸ್ಫೇಟುಗಳನ್ನು ಒಂದೊಂದಾಗಿ ಕತ್ತರಿಸಿ ಲೋಹಗಳನ್ನು ಬಿಡಿಸುತ್ತದೆ. ಬೇರು ಮಣ್ಣು ಹಿಡಿಯುವವರೆಗೆ ಸಸಿಗೆ ಇದೇ ಗೊಬ್ಬರ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಮಕ್ಕಳಿಗೆ ಸರಿ ಮಾಡುವ ನಮ್ಮ ಮನೆಗಳ ಪದ್ಧತಿ ಇದೇ ಪ್ರಕ್ರಿಯೆಯನ್ನು ಬಳಸಿಕೊಳ್ಳುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ಫೈಟಿಕ್ ಆಮ್ಲದ ಹಿಡಿತ ಸಡಿಲವಾಗದೆ ಅದೆಲ್ಲ ಮೈಗೆ ಹತ್ತುವುದಿಲ್ಲ.

ಆಮ್ಲರೂಪದ ಹಾರ್ಮೋನುಗಳು

ಬೀಜ ಮೊಳೆಯಬೇಕೋ ಬೇಡವೋ ಎಂದು ತೀರ್ಮಾನಿಸುವ ಎರಡು ಮುಖ್ಯ ಹಾರ್ಮೋನುಗಳೂ ಸಾವಯವ ಆಮ್ಲಗಳೇ. ಜಿಬ್ಬರೆಲಿಕ್ ಆಮ್ಲ ಮೊಳಕೆಯ ಪರ, ಅಬ್ಸಿಸಿಕ್ ಆಮ್ಲ ಸುಪ್ತಾವಸ್ಥೆಯ ಪರ. ಭತ್ತದ ಪೈರು ತೆಳ್ಳಗೆ ಎತ್ತರ ಬೆಳೆದು ಬಿದ್ದುಹೋಗುವ ಬಕಾನೆ ರೋಗದ ಶಿಲೀಂಧ್ರ ಒಂದು ರಸ ಸುರಿಸುತ್ತದೆ ಎಂದು ಐಇಚಿ ಕುರೊಸಾವಾ 1926ರಲ್ಲಿ ತೈವಾನಿನಲ್ಲಿ ತೋರಿಸಿದ. ಟೆಯಿಜಿರೊ ಯಾಬುಟಾ 1935ರಲ್ಲಿ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟ. ಅಬ್ಸಿಸಿಕ್ ಆಮ್ಲ ಬೆಳಕಿಗೆ ಬಂದದ್ದು 1960ರ ದಶಕದಲ್ಲಿ. ಹತ್ತಿಯ ಕಾಯಿ ಉದುರುವುದನ್ನೂ ಮರಗಳ ಮೊಗ್ಗು ಚಳಿಗಾಲದಲ್ಲಿ ಮಲಗುವುದನ್ನೂ ಬೇರೆಬೇರೆಯಾಗಿ ಅಧ್ಯಯನ ಮಾಡುತ್ತಿದ್ದ ಗುಂಪುಗಳು ಒಂದೇ ವಸ್ತುವನ್ನು ಮುಟ್ಟಿದ್ದವು. ಇದರ ತಯಾರಿಕೆ ಕೆಟ್ಟಿರುವ ಮೆಕ್ಕೆಜೋಳದ ತಳಿಗಳಲ್ಲಿ ಕಾಳು ತೆನೆಯಲ್ಲೇ ಮೊಳೆತುಬಿಡುತ್ತದೆ.

ಹಣ್ಣಾದ ಟೊಮ್ಯಾಟೊದ ಒಳಗೆ ಅಷ್ಟು ತೇವವಿದ್ದರೂ ಬೀಜ ಮೊಳೆಯದಿರುವುದಕ್ಕೆ ಅಬ್ಸಿಸಿಕ್ ಆಮ್ಲ ಒಂದು ಕಾರಣ, ರಸದ ಸಾಂದ್ರತೆ ಇನ್ನೊಂದು. ಸಿಟ್ರಿಕ್ ಆಮ್ಲದ ಹುಳಿಯನ್ನೇ ಪೂರ್ತಿ ಹೊಣೆ ಮಾಡುವುದು ಸರಿಯಲ್ಲ. ಬೀಜ ತೆಗೆಯುವವರು ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟು ಬೀಜದ ಸುತ್ತಲಿನ ಲೋಳೆ ಕರಗಿಸುತ್ತಾರೆ. ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಬೀಜ ಅಲ್ಲೇ ಮೊಳೆಯತೊಡಗುತ್ತದೆ, ಬಣ್ಣವೂ ಕೆಡುತ್ತದೆ.

ಆಮ್ಲವೇ ವಿಷವಾದಾಗ

ನೀರು ನಿಂತ ಹೊಲದಲ್ಲಿ ಬಿತ್ತಿದ ಮೆಕ್ಕೆಜೋಳ ಅಥವಾ ಅಲಸಂದೆ ಕೊಳೆಯುವುದು ಎಲ್ಲ ರೈತರಿಗೂ ಗೊತ್ತು. ಆಮ್ಲಜನಕ ಸಿಗದ ಕೋಶ ಮೊದಲು ಲ್ಯಾಕ್ಟಿಕ್ ಆಮ್ಲದ ಹುದುಗುವಿಕೆಗೆ ಇಳಿಯುತ್ತದೆ. ಜೀವರಸದ ಪಿಎಚ್ ಕುಸಿಯುತ್ತಿದ್ದಂತೆ ಮದ್ಯಸಾರದ ಹುದುಗುವಿಕೆಗೆ ಹೊರಳಿದರೆ ಬದುಕುತ್ತದೆ. ಹೊರಳಲಾಗದೆ ಹುಳಿ ಏರುತ್ತ ಹೋದರೆ ಸಾಯುತ್ತದೆ. ಭತ್ತ ಈ ಹೊರಳುವಿಕೆಯಲ್ಲಿ ನಿಪುಣ. ಗಾಳಿಯಿಲ್ಲದ ನೀರಿನೊಳಗೂ ಅದರ ಮೊಳಕೆಯ ಕವಚ ಉದ್ದವಾಗಿ ಮೇಲಕ್ಕೆ ಚಾಚುತ್ತದೆ, ಬೇರು ಮಾತ್ರ ಆಮ್ಲಜನಕಕ್ಕೆ ಕಾಯುತ್ತದೆ. ಬಿತ್ತನೆ ಭತ್ತವನ್ನು ನೆನೆಸಿ, ನೀರು ಬಸಿದು, ಗೋಣಿಚೀಲದಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿ ಕೆಸರುಮಡಿಗೆ ಚೆಲ್ಲುವ ಕ್ರಮ ಬೇರಿಗೆ ಆ ಮೊದಲ ಗಾಳಿಯನ್ನು ಒದಗಿಸುತ್ತದೆ.

ಹೊರಗಿನಿಂದ ಬರುವ ಆಮ್ಲಗಳಲ್ಲಿ ಅಸಿಟಿಕ್ ಆಮ್ಲ ಮುಖ್ಯ ಶತ್ರು. ಹಸಿ ಹುಲ್ಲು, ಕೂಳೆ, ಮಾಗದ ಸಗಣಿ ಇವು ನೀರು ತುಂಬಿದ ಮಣ್ಣಿನಲ್ಲಿ ಕೊಳೆತಾಗ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳು ಸೇರಿಕೊಳ್ಳುತ್ತವೆ. 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಉಳುಮೆಯಿಲ್ಲದೆ, ಹಳೆಯ ಬೆಳೆಯ ಹುಲ್ಲಿನ ನಡುವೆಯೇ ಗೋಧಿ ಬಿತ್ತಿದಾಗ ತೇವದ ವರ್ಷಗಳಲ್ಲಿ ಸಸಿ ಸರಿಯಾಗಿ ಏಳದಿದ್ದುದಕ್ಕೆ ಈ ಆಮ್ಲವನ್ನೇ ಬೊಟ್ಟುಮಾಡಿ ತೋರಿಸಲಾಯಿತು. ಇಲ್ಲಿ ಪಿಎಚ್ಚಿನ ಲೆಕ್ಕ ನಿರ್ಣಾಯಕ. ಪಿಎಚ್ 4.76ರಲ್ಲಿ ಅಸಿಟಿಕ್ ಆಮ್ಲದ ಅರ್ಧ ಅಣುಗಳು ಪ್ರೋಟಾನನ್ನು ಕಳಚಿಕೊಂಡಿರುವುದಿಲ್ಲ. ವಿದ್ಯುದಾವೇಶವಿಲ್ಲದ ಆ ಅಣುಗಳು ಕೋಶಪೊರೆಯನ್ನು ಸಲೀಸಾಗಿ ದಾಟಿ, ಒಳಗೆ ಹೋಗಿ ಪ್ರೋಟಾನನ್ನು ಇಳಿಸುತ್ತವೆ. ಮಣ್ಣು ಹೆಚ್ಚು ಹುಳಿಯಿದ್ದಷ್ಟೂ ಅದೇ ಪ್ರಮಾಣದ ಆಮ್ಲ ಹೆಚ್ಚು ವಿಷಕಾರಿ. ಸುಣ್ಣ ಹಾಕಿದ ಮಣ್ಣಿನಲ್ಲಿ ಅದು ನಿರುಪದ್ರವಿಯಾದ ಅಸಿಟೇಟ್ ಆಗಿಬಿಡುತ್ತದೆ. ಗೊಬ್ಬರ ಮಾಗಿದೆಯೇ ಎಂದು ಪರೀಕ್ಷಿಸಲು ಅದರ ಕಷಾಯದಲ್ಲಿ ಆಳ್ವಿ ಬೀಜ ಮೊಳೆಯಿಸಿ, ಬರಿ ನೀರಿನಲ್ಲಿ ಮೊಳೆತದ್ದರೊಂದಿಗೆ ಹೋಲಿಸುವ ಅಗ್ಗದ ವಿಧಾನವಿದೆ. ಕೊಳೆಯುವ ಕೂಳೆಯಿಂದ ಫೆರುಲಿಕ್, ವೆನಿಲಿಕ್, ಪ್ಯಾರಾ ಹೈಡ್ರಾಕ್ಸಿಬೆಂಜೋಯಿಕ್ ಮುಂತಾದ ಫೀನಾಲಿಕ್ ಆಮ್ಲಗಳೂ ಬರುತ್ತವೆ. ಅವು ಎಳೆಬೇರಿನ ಬೆಳವಣಿಗೆಯನ್ನು ತಡೆಯುತ್ತವೆ.

ಬಿತ್ತುವ ಮುನ್ನ ಬೀಜವನ್ನು ಆಮ್ಲದ ದ್ರಾವಣದಲ್ಲಿ ನೆನೆಸುವ ಪ್ರಯೋಗಗಳಿಗೆ ಲೆಕ್ಕವಿಲ್ಲ. ಸೋವಿಯತ್ ಒಕ್ಕೂಟದ ವಿಜ್ಞಾನಿಗಳು ಸಕ್ಸಿನಿಕ್ ಆಮ್ಲವನ್ನು ಬಹಳ ಮೆಚ್ಚಿದ್ದರು. ಇತ್ತೀಚೆಗೆ ಸ್ಯಾಲಿಸಿಲಿಕ್, ಆಸ್ಕಾರ್ಬಿಕ್ ಆಮ್ಲಗಳಿಗೆ ಮನ್ನಣೆ. ಅತಿ ಕಡಿಮೆ ಸಾಂದ್ರತೆಯಲ್ಲಿ ಇವು ಉಪ್ಪು ಮತ್ತು ಬರದ ಒತ್ತಡದಲ್ಲಿರುವ ಬೀಜಕ್ಕೆ ನೆರವಾಗುವುದುಂಟು, ಪ್ರಮಾಣ ಮೀರಿದರೆ ಮೊಳಕೆಯನ್ನೇ ತಡೆಯುತ್ತವೆ. ಇಂಥ ವರದಿ ಓದುವಾಗ ಗಮನಿಸಬೇಕಾದ್ದು ಒಂದೇ: ಹೋಲಿಕೆ ಯಾವುದರ ಜೊತೆ? ಬೀಜವನ್ನು ರಾತ್ರಿ ಬರಿ ನೀರಿನಲ್ಲಿ ನೆನೆಸಿ, ನೆರಳಲ್ಲಿ ಆರಿಸಿ ಬಿತ್ತಿದರೇ ಮಳೆಯಾಶ್ರಿತ ಕಡಲೆ, ಮೆಕ್ಕೆಜೋಳಗಳು ಬೇಗ ಹುಟ್ಟಿ ಚೆನ್ನಾಗಿ ಬೆಳೆದದ್ದನ್ನು 1990ರ ದಶಕದಲ್ಲಿ ಭಾರತದಲ್ಲೂ ಜಿಂಬಾಬ್ವೆಯಲ್ಲೂ ರೈತರ ಹೊಲಗಳಲ್ಲೇ ನೋಡಲಾಗಿದೆ. ಆಮ್ಲದಲ್ಲಿ ನೆನೆಸಿದ ಬೀಜವನ್ನು ಒಣಬೀಜದೊಂದಿಗೆ ಹೋಲಿಸಿದ ಪ್ರಯೋಗ, ನೀರಿನ ಪುಣ್ಯವನ್ನು ಆಮ್ಲದ ಖಾತೆಗೆ ಬರೆದಿರುವ ಸಾಧ್ಯತೆ ಹೆಚ್ಚು. ಜಾಲಿ, ಸುಬಾಬುಲ್‌ಗಳಂಥ ಗಟ್ಟಿ ಸಿಪ್ಪೆಯ ಬೀಜಗಳಿಗೆ ಬಳಸುವ ಗಂಧಕಾಮ್ಲ ಸಾವಯವವಲ್ಲ. ಅದರ ಕೆಲಸ ಸಿಪ್ಪೆ ಸುಡುವುದಷ್ಟೇ.

ಬೇರಿನಾಚೆ: ರಂಜಕದ ಬೇಟೆ

ಮಣ್ಣಿನಲ್ಲಿ ರಂಜಕಕ್ಕೆ ಕೊರತೆಯಿಲ್ಲ, ಸಿಗುವ ರಂಜಕಕ್ಕೆ ಕೊರತೆ. ಕೆಂಪುಮಣ್ಣಿನಲ್ಲಿ ಅದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಜೊತೆ, ಎರೆಮಣ್ಣಿನಲ್ಲಿ ಕ್ಯಾಲ್ಸಿಯಂ ಜೊತೆ ಕಟ್ಟಿಕೊಂಡಿರುತ್ತದೆ. ಹಾಕಿದ ಗೊಬ್ಬರದ ರಂಜಕದಲ್ಲಿ ಮೊದಲ ಹಂಗಾಮಿನ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಶೇ. 15ರಿಂದ 20. ಸಿಟ್ರೇಟ್, ಆಕ್ಸಲೇಟ್, ಮ್ಯಾಲೇಟ್‌ಗಳು ಇಲ್ಲಿ ಎರಡು ಬಗೆಯಲ್ಲಿ ನೆರವಾಗುತ್ತವೆ: ಲೋಹವನ್ನು ತಾವೇ ಹಿಡಿದು ಫಾಸ್ಫೇಟನ್ನು ಬಿಡಿಸುತ್ತವೆ, ಜೇಡಿಕಣಗಳ ಮೇಲೆ ಫಾಸ್ಫೇಟ್ ಕುಳಿತ ಜಾಗವನ್ನು ಆಕ್ರಮಿಸಿ ಅದನ್ನು ಎಬ್ಬಿಸುತ್ತವೆ. ಹಿಡಿತದ ಬಲದಲ್ಲಿ ಸಿಟ್ರೇಟ್ ಮೊದಲನೆಯದು.

ಇದರ ಅತ್ಯಂತ ಪ್ರಸಿದ್ಧ ಉದಾಹರಣೆ ಬಿಳಿ ಲೂಪಿನ್ ಎಂಬ ಮೆಡಿಟರೇನಿಯನ್ ದ್ವಿದಳ ಗಿಡ. ರಂಜಕ ಸಾಲದಾದಾಗ ಅದು ಬಾಟಲಿ ತೊಳೆಯುವ ಬ್ರಷ್ಷಿನಂತೆ ಒತ್ತಾದ ಗೊಂಚಲುಬೇರುಗಳನ್ನು ಹೊರಡಿಸುತ್ತದೆ. ಈ ಬಗೆಯ ಬೇರನ್ನು ಮೊದಲು ಗುರುತಿಸಿದ್ದು ಆಸ್ಟ್ರೇಲಿಯದ ಪ್ರೋಟಿಯೇಸಿ ಕುಟುಂಬದ ಗಿಡಗಳಲ್ಲಿ. ಗೊಂಚಲು ಬಲಿತ ಮೇಲೆ ಕೆಲವೇ ದಿನ ಸಿಟ್ರೇಟನ್ನು ರಭಸದಿಂದ ಸುರಿಸಿ, ಆಮೇಲೆ ಸುಮ್ಮನಾಗುತ್ತದೆ. ಚಿಕ್ಕ ಜಾಗದಲ್ಲಿ, ಅಲ್ಪ ಅವಧಿಯಲ್ಲಿ, ಒಮ್ಮೆಲೇ ಸುರಿಸುವುದರಲ್ಲೇ ಇದರ ಗುಟ್ಟಿದೆ. ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಸಿಟ್ರೇಟ್ ರುಚಿಕರ ಆಹಾರ; ಮೇಲ್ಮಣ್ಣಿನಲ್ಲಿ ಅದು ಉಳಿಯುವುದು ಗಂಟೆಗಳ ಲೆಕ್ಕದಲ್ಲಿ. ನಿಧಾನವಾಗಿ ಒಸರಿದರೆ ಸೂಕ್ಷ್ಮಜೀವಿಗಳ ಪಾಲಾಗುತ್ತದೆ. ಗೊಂಚಲುಬೇರು ಅದೇ ಹೊತ್ತಿಗೆ ಪ್ರೋಟಾನನ್ನೂ ಫೀನಾಲಿಕ್ ವಸ್ತುಗಳನ್ನೂ ಬಿಟ್ಟು ಬ್ಯಾಕ್ಟೀರಿಯಾಗಳನ್ನು ದೂರವಿಡುತ್ತದೆ. ಎಲೆ ದುಡಿದು ಗಳಿಸಿದ ಇಂಗಾಲದ ಗಣನೀಯ ಪಾಲು ಹೀಗೆ ಮಣ್ಣಿಗೆ ಹೋಗುತ್ತದೆ. ಗಿಡಕ್ಕೆ ಇದು ದುಬಾರಿ ವ್ಯವಹಾರ, ಆದ್ದರಿಂದಲೇ ರಂಜಕ ಧಾರಾಳವಿದ್ದಾಗ ಗೊಂಚಲುಬೇರು ಹುಟ್ಟುವುದೇ ಅಪರೂಪ.

ನಮಗೆ ಹತ್ತಿರದ ಉದಾಹರಣೆ ತೊಗರಿ. ಹೈದರಾಬಾದಿನ ಬಳಿ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ನೊರಿಹಾರು ಏ ಮತ್ತು ಸಂಗಡಿಗರು ಕೆಂಪುಮಣ್ಣಿನಲ್ಲಿ ಜೋಳ, ಸೋಯಾ, ಮೆಕ್ಕೆಜೋಳ ಮುಂತಾದವು ರಂಜಕವಿಲ್ಲದೆ ಸೊರಗಿದಾಗಲೂ ತೊಗರಿ ಬೆಳೆಯುವುದನ್ನು ಕಂಡರು. 1990ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ, ತೊಗರಿಯ ಬೇರು ಸುರಿಸುವ ಪಿಸಿಡಿಕ್ ಆಮ್ಲ ಮತ್ತು ಅದರ ಸಂಬಂಧಿ ಸಂಯುಕ್ತಗಳು ಕಬ್ಬಿಣವನ್ನು ಹಿಡಿದು ರಂಜಕವನ್ನು ಬಿಡಿಸುತ್ತವೆ. ತೊಗರಿಯ ನಂತರದ ಬೆಳೆಗೂ ಇದರ ಫಲ ಸಿಗಬಹುದೆಂದು ಅವರು ಸೂಚಿಸಿದರು. ಕರ್ನಾಟಕದಲ್ಲಿ ತೊಗರಿ ಎಂದೊಡನೆ ಕಲಬುರಗಿ ನೆನಪಾಗುತ್ತದೆ, ಆದರೆ ಅಲ್ಲಿ ತೊಗರಿ ಬೆಳೆಯುವುದು ಬಹುಮಟ್ಟಿಗೆ ಎರೆಯಲ್ಲಿ. ಪಟಾಂಚೆರುವಿನ ಫಲಿತಾಂಶ ಹೆಚ್ಚು ನೇರವಾಗಿ ಹೊಂದುವುದು ಕೋಲಾರ, ತುಮಕೂರು ಕಡೆಯ ಕೆಂಪು ಹೊಲಗಳಲ್ಲಿ ರಾಗಿಯ ನಡುವೆ ಹಾಕುವ ತೊಗರಿಯ ಅಕ್ಕಡಿ ಸಾಲಿಗೆ. ಅಕ್ಕಡಿಯ ಲಾಭವನ್ನು ವಿವರಿಸುವಾಗ ಸಾರಜನಕ ಸ್ಥಿರೀಕರಣವನ್ನಷ್ಟೇ ಹೇಳಿ ನಿಲ್ಲಿಸುವುದು ವಾಡಿಕೆ. ರಂಜಕದ ಈ ಮಗ್ಗುಲು ಇನ್ನಷ್ಟು ಗಮನಕ್ಕೆ ಅರ್ಹ.

ಎರೆಭೂಮಿಯ ಹಿಂಗಾರಿ ಕಡಲೆಯ ಆಮ್ಲ ಬೇರಿನಲ್ಲೂ ಉಂಟು, ಎಲೆಯ ಮೇಲೂ ಉಂಟು. ಬೇರಿನಿಂದ ಬರುವ ಸಿಟ್ರೇಟ್, ಮ್ಯಾಲೇಟ್‌ಗಳು ಕ್ಯಾಲ್ಸಿಯಂಗೆ ಅಂಟಿದ ರಂಜಕವನ್ನು ಸಡಿಲಿಸುತ್ತವೆ. ಎಲೆ ಮತ್ತು ಕಾಯಿಯ ಮೇಲಿನ ಗ್ರಂಥಿರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಜಿನುಗಿಸುತ್ತವೆ. ಇದೇ ಕಡಲೆಯ ಹುಳಿ. ಬೆಳಗಿನ ಇಬ್ಬನಿಯಲ್ಲಿ ಹೊಲ ಹೊಕ್ಕವರ ಕಾಲು ಚುರುಗುಟ್ಟುತ್ತದೆ. ಗಿಡಗಳ ಮೇಲೆ ತೆಳುವಾದ ಬಿಳಿ ಬಟ್ಟೆ ಹಾಸಿ, ನೆನೆದ ಮೇಲೆ ಹಿಂಡಿ ಆ ಹುಳಿಯನ್ನು ಅಡುಗೆಗೂ ಹೊಟ್ಟೆನೋವಿನ ಮದ್ದಿಗೂ ಕೂಡಿಡುವ ರೂಢಿ ದಖ್ಖನಿನ ಹಳ್ಳಿಗಳಲ್ಲಿತ್ತು. ಕಾಯಿಕೊರಕ ಹುಳುವಿನ ಮರಿಗಳ ಬೆಳವಣಿಗೆಯನ್ನು ಆಕ್ಸಾಲಿಕ್ ಆಮ್ಲ ಕುಂಠಿಸುತ್ತದೆಂದು ಇಕ್ರಿಸ್ಯಾಟ್‌ನ ಪ್ರಯೋಗಗಳು ತೋರಿಸಿವೆ. ಎಲೆಯ ಆಮ್ಲಕ್ಕೂ ಪೋಷಣೆಗೂ ನೇರ ನಂಟಿಲ್ಲ. ಒಂದೇ ಗಿಡ ಒಂದೇ ಅಣುವನ್ನು ಎರಡು ತುದಿಗಳಲ್ಲಿ ಬೇರೆಬೇರೆ ಕೆಲಸಕ್ಕೆ ಹಚ್ಚಿದೆ.

ಅಲ್ಯೂಮಿನಿಯಂ ತಡೆ

ಮಲೆನಾಡು ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣುಗಳಂಥ ಹುಳಿಮಣ್ಣಿನಲ್ಲಿ ಪಿಎಚ್ 5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಮೊಂಡಾಗಿಸುತ್ತದೆ. ಕೆಲವು ಗಿಡಗಳು ಇದಕ್ಕೆ ಜಗ್ಗುವುದಿಲ್ಲ. ಏಕೆಂಬುದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು 1993ರಲ್ಲಿ, ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ. ಒಂದೇ ವಂಶವಾಹಿಯ ನೆಲೆಯಲ್ಲಿ ಮಾತ್ರ ಭಿನ್ನವಾದ ಎರಡು ಗೋಧಿ ಸಾಲುಗಳನ್ನು ಇಮ್ಯಾನುಯೆಲ್ ಡೆಲೇಜ್, ಪೀಟರ್ ರಯಾನ್ ಮತ್ತು ಸಂಗಡಿಗರು ಹೋಲಿಸಿದರು. ತಡೆದುಕೊಳ್ಳುವ ಸಾಲಿನ ಬೇರುತುದಿ ಅಲ್ಯೂಮಿನಿಯಂ ತಾಗಿದೊಡನೆ ಮ್ಯಾಲೇಟನ್ನು ಹಲವು ಪಟ್ಟು ಹೆಚ್ಚು ಸುರಿಸುತ್ತಿತ್ತು. ಮ್ಯಾಲೇಟ್ ಹಿಡಿದ ಅಲ್ಯೂಮಿನಿಯಂ ಬೇರಿಗೆ ವಿಷವಲ್ಲ. ಮ್ಯಾಲೇಟನ್ನು ಕೋಶದಿಂದ ಹೊರಬಿಡುವ ಆಮ್ಲದ್ವಾರದ ವಂಶವಾಹಿಯನ್ನು 2004ರಲ್ಲಿ ಜಪಾನಿನ ತಂಡ ಬೇರ್ಪಡಿಸಿತು. ಜೋಳದಲ್ಲಿ ಸಿಟ್ರೇಟ್ ಹೊರಬಿಡುವ ಬೇರೊಂದು ಸಾಗಣೆ ಪ್ರೋಟೀನು 2007ರಲ್ಲಿ ಪತ್ತೆಯಾಯಿತು. ಹುರುಳಿಗೋಧಿ ಎನ್ನಬಹುದಾದ ಬಕ್‌ವ್ಹೀಟ್ ಆಕ್ಸಲೇಟನ್ನು ಬಳಸುತ್ತದೆ. ಬೇರಿನಾಚೆ ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುವುದಷ್ಟೇ ಅಲ್ಲದೆ, ಒಳಗೆ ಬಂದದ್ದನ್ನೂ ಆಕ್ಸಲೇಟ್ ಜೊತೆಗೆ ಎಲೆಯಲ್ಲಿ ಇಟ್ಟುಕೊಳ್ಳುತ್ತದೆ.

ಆಮ್ಲ ಹೆಚ್ಚು ತಯಾರಾದರೆ ಸಾಕೇ? 1997ರಲ್ಲಿ ಮೆಕ್ಸಿಕೊದ ತಂಡವೊಂದು ಬ್ಯಾಕ್ಟೀರಿಯಾದ ಸಿಟ್ರೇಟ್ ಸಿಂಥೇಸ್ ವಂಶವಾಹಿಯನ್ನು ತಂಬಾಕಿಗೆ ಸೇರಿಸಿ ಅಲ್ಯೂಮಿನಿಯಂ ಸಹಿಷ್ಣುತೆ ಸಾಧಿಸಿದ್ದಾಗಿ ಪ್ರಕಟಿಸಿತು. 2001ರಲ್ಲಿ ಕ್ಯಾನ್‌ಬೆರಾದ ತಂಡ ಅದೇ ಗಿಡಗಳನ್ನು ಮತ್ತೆ ಪರೀಕ್ಷಿಸಿದಾಗ ಆ ಫಲಿತಾಂಶ ಮರುಕಳಿಸಲಿಲ್ಲ. ಅದೇ ತಂಡ ಗೋಧಿಯ ಆಮ್ಲದ್ವಾರವನ್ನು ಬಾರ್ಲಿಗೆ ಸೇರಿಸಿದಾಗ ಸಹಿಷ್ಣುತೆ ಸ್ಪಷ್ಟವಾಗಿ ಬಂತು. ಕೋಶದಲ್ಲಿ ಮ್ಯಾಲೇಟ್ ಹೇಗೂ ಸಾಕಷ್ಟಿದೆ, ಬೇಕಿದ್ದುದು ಬಾಗಿಲು.

ಕಬ್ಬಿಣ ಮತ್ತು ಸತು

ಸುಣ್ಣದಂಶ ಹೆಚ್ಚಿರುವ ಹೊಲಗಳಲ್ಲಿ ನೆಲಗಡಲೆ, ಕಬ್ಬಿನ ಎಳೆ ಎಲೆಗಳು ಬಿಳಿಚಿಕೊಳ್ಳುವುದು ಕಬ್ಬಿಣ ಮಣ್ಣಿನಲ್ಲಿಲ್ಲವೆಂದಲ್ಲ, ಕರಗುತ್ತಿಲ್ಲವೆಂದು. ದ್ವಿದಳ ಗಿಡಗಳು ಬೇರಿನ ಸುತ್ತ ಪ್ರೋಟಾನು ಬಿಟ್ಟು, ಕಬ್ಬಿಣವನ್ನು ಫೆರಸ್ ರೂಪಕ್ಕೆ ತಂದು ಹೀರುತ್ತವೆ. ಹುಲ್ಲಿನ ಜಾತಿಯ ಬೆಳೆಗಳದು ಬೇರೆ ದಾರಿ. ಬಾರ್ಲಿಯ ಬೇರು ಮ್ಯುಜಿನೀಯಿಕ್ ಆಮ್ಲವೆಂಬ ವಿಶೇಷ ಅಮೈನೊ ಆಮ್ಲವನ್ನು ಬಿಟ್ಟು, ಕಬ್ಬಿಣವನ್ನು ಫೆರಿಕ್ ರೂಪದಲ್ಲೇ ಹಿಡಿದು, ಜೋಡಿಯನ್ನು ಹಾಗೆಯೇ ಒಳಗೆ ಎಳೆದುಕೊಳ್ಳುತ್ತದೆ. 1976ರಲ್ಲಿ ಸೆ-ಇಚಿ ಟಕಗಿ ಈ ಬಗೆಯ ಸ್ರಾವವನ್ನು ಮೊದಲು ವರದಿ ಮಾಡಿದ. ಸೂರ್ಯೋದಯದ ನಂತರದ ಕೆಲವು ಗಂಟೆಗಳಲ್ಲಿ ಇದು ಸುರಿಯುವುದು ಹೆಚ್ಚು. ಇಲ್ಲೂ ಒಮ್ಮೆಲೇ ಸುರಿಸುವ ಅದೇ ಜಾಣತನ. ಭತ್ತ ಈ ಆಮ್ಲವನ್ನು ಕಡಿಮೆ ತಯಾರಿಸುವುದರಿಂದ ನೀರು ನಿಲ್ಲದ ಒಣ ಸಸಿಮಡಿಯಲ್ಲಿ ಅದರ ಪೈರು ಬೇಗ ಬಿಳಿಚುತ್ತದೆ. ಉತ್ತರ ಚೀನದ ಸುಣ್ಣಮಣ್ಣಿನಲ್ಲಿ ನೆಲಗಡಲೆಯನ್ನು ಮೆಕ್ಕೆಜೋಳದ ಜೊತೆ ಬೆಳೆದಾಗ ನೆಲಗಡಲೆಯ ಹಸಿರು ಮರಳಿದ್ದಕ್ಕೆ ಮೆಕ್ಕೆಜೋಳದ ಬೇರಿನ ಸ್ರಾವವೇ ಕಾರಣವೆಂದು ತಿಳಿಯಲಾಗಿದೆ.

ಬೇರು ಹೀರಿದ ಕಬ್ಬಿಣ ಕ್ಸೈಲಂ ನಾಳದಲ್ಲಿ ಸಿಟ್ರೇಟ್ ಜೊತೆಯಲ್ಲೇ ಮೇಲೇರುತ್ತದೆ. ಸಿಟ್ರೇಟನ್ನು ನಾಳಕ್ಕೆ ತುಂಬುವ ಪ್ರೋಟೀನು ಕೆಟ್ಟ ಗಿಡದಲ್ಲಿ ಬೇರಿನ ತುಂಬ ಕಬ್ಬಿಣವಿದ್ದರೂ ಎಲೆ ಹಳದಿಯಾಗುತ್ತದೆ. ಸತುವಿಗೂ ಸಾವಯವ ಆಮ್ಲಗಳ ಒಡನಾಟವುಂಟು, ಆದರೆ ಅದರಲ್ಲಿ ನಿಕೋಷಿಯಾನಮೈನ್‌ನಂಥ ಬೇರೆ ಸಂಯುಕ್ತಗಳ ಪಾಲೂ ದೊಡ್ಡದು. ಬಿಳಿಚಿದ ಬೆಳೆಗೆ ಅನ್ನಭೇದಿ ಸಿಂಪಡಿಸುವಾಗ ಚಿಟಿಕೆ ನಿಂಬೆ ಉಪ್ಪು ಸೇರಿಸುವ ಶಿಫಾರಸಿಗೂ ಇದೇ ತಳಹದಿ: ದ್ರಾವಣ ಹುಳಿಯಾಗಿದ್ದು, ಸಿಟ್ರೇಟ್ ಕಬ್ಬಿಣವನ್ನು ಹಿಡಿದಿಟ್ಟರೆ ಅದು ತುಕ್ಕಾಗಿ ತಳ ಸೇರುವುದು ತಡವಾಗುತ್ತದೆ. ಹೊರಗಿನಿಂದ ಆಮ್ಲ ಕೊಟ್ಟು ಖಚಿತ ಲಾಭ ಪಡೆಯಬಹುದಾದ ಕೆಲವೇ ಸಂದರ್ಭಗಳಲ್ಲಿ ಇದೊಂದು, ಏಕೆಂದರೆ ಇಲ್ಲಿ ನಡುವೆ ಮಣ್ಣೇ ಬರುವುದಿಲ್ಲ.

ಗಿಡದೊಳಗಿನ ಲೆಕ್ಕಾಚಾರ

ಎಲೆಯಲ್ಲಿ ನೈಟ್ರೇಟು ಅಮೋನಿಯಾ ಆಗುವಾಗ ಕೋಶ ಕ್ಷಾರವಾಗತೊಡಗುತ್ತದೆ. ಮ್ಯಾಲಿಕ್ ಆಮ್ಲ ತಯಾರಿಸಿ ಗಿಡ ಅದನ್ನು ಸರಿದೂಗಿಸುತ್ತದೆ. ದ್ವಿದಳ ಧಾನ್ಯಗಳ ಬೇರುಗಂಟಿನಲ್ಲಿ ಸಾರಜನಕ ಹಿಡಿಯುವ ರೈಜೋಬಿಯಂಗೆ ಗಿಡ ಕೊಡುವ ಕೂಲಿ ಸಕ್ಕರೆಯಲ್ಲ, ಮುಖ್ಯವಾಗಿ ಮ್ಯಾಲೇಟ್. ಅದನ್ನು ಒಳಗೆ ತೆಗೆದುಕೊಳ್ಳುವ ಸಾಮರ್ಥ್ಯ ಕಳೆದುಕೊಂಡ ಬ್ಯಾಕ್ಟೀರಿಯಾ ಗಂಟು ಕಟ್ಟಿದರೂ ಸಾರಜನಕ ಹಿಡಿಯುವುದಿಲ್ಲ. ಪತ್ರರಂಧ್ರಗಳು ತೆರೆಯುವಾಗ ಕಾವಲುಕೋಶಗಳಿಗೆ ನುಗ್ಗುವ ಪೊಟ್ಯಾಸಿಯಂಗೆ ಜೊತೆಗಾರನೂ ಬಹುತೇಕ ಮ್ಯಾಲೇಟ್. ಹೆಚ್ಚಾದ ಕ್ಯಾಲ್ಸಿಯಂ ಅನ್ನು ಗಿಡ ಆಕ್ಸಲೇಟ್ ಹರಳಾಗಿಸಿ ಮೂಲೆಗೆ ತಳ್ಳುತ್ತದೆ. ಕೆಸು, ಸುವರ್ಣಗಡ್ಡೆಗಳ ತುರಿಕೆಗೆ ಸೂಜಿಯಾಕಾರದ ಈ ಹರಳುಗಳೇ ಕಾರಣ.

ಇಂಗಾಲದ ಪೋಷಣೆಯಲ್ಲಿ ಮ್ಯಾಲಿಕ್ ಆಮ್ಲದ ಪಾತ್ರ ಹೊಳೆದದ್ದು ನಾಲಗೆಯಿಂದ. ಶ್ರೀರಂಗಪಟ್ಟಣದ ಪತನದ ನಂತರ ಕೆಲಕಾಲ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿ ಹೊತ್ತಿದ್ದ ಬೆಂಜಮಿನ್ ಹೈನ್, ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಕಹಿ ಎಂದು 1813ರ ಪತ್ರವೊಂದರಲ್ಲಿ ಬರೆದ. ಲಂಡನ್ನಿನ ಲಿನ್ನಿಯನ್ ಸೊಸೈಟಿ ಅದನ್ನು 1815ರಲ್ಲಿ ಪ್ರಕಟಿಸಿತು. ಇಂಥ ಗಿಡಗಳು ರಾತ್ರಿ ರಂಧ್ರ ತೆರೆದು ಇಂಗಾಲದ ಡೈ ಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲು ರಂಧ್ರ ಮುಚ್ಚಿಕೊಂಡು ಅದನ್ನು ಬಳಸುತ್ತವೆ ಎಂಬುದು ತಿಳಿಯಲು ಇಪ್ಪತ್ತನೆಯ ಶತಮಾನ ಬೇಕಾಯಿತು. ಅನಾನಸು, ಕತ್ತಾಳೆ, ಪಾಪಾಸುಕಳ್ಳಿಗಳದೂ ಇದೇ ಕ್ರಮ.

ಸೂಕ್ಷ್ಮಜೀವಿಗಳು, ಹ್ಯೂಮಿಕ್ ಆಮ್ಲ ಮತ್ತು ಮಾರುಕಟ್ಟೆ

ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಗ್ಲುಕಾನಿಕ್ ಆಮ್ಲ ತಯಾರಿಸುತ್ತವೆ. ಆಸ್ಪರ್ಜಿಲಸ್‌ನಂಥ ಶಿಲೀಂಧ್ರಗಳು ಸಿಟ್ರಿಕ್, ಆಕ್ಸಾಲಿಕ್ ಆಮ್ಲಗಳನ್ನು. ಪಿಕೊವ್‌ಸ್ಕಾಯಾ 1948ರಲ್ಲಿ ರೂಪಿಸಿದ ಮಾಧ್ಯಮದ ತಟ್ಟೆಯಲ್ಲಿ ಇವುಗಳ ಸುತ್ತ ಸುಂದರವಾದ ತಿಳಿವಲಯ ಮೂಡುತ್ತದೆ. ಆದರೆ ತಟ್ಟೆಯಲ್ಲಿ ಸಕ್ಕರೆ ಧಾರಾಳ, ಪೈಪೋಟಿ ಇಲ್ಲ. ಹೊಲದಲ್ಲಿ ಎರಡೂ ತಲೆಕೆಳಗು. ಸುಣ್ಣದ ಎರೆಮಣ್ಣು ಬಂದ ಆಮ್ಲವನ್ನು ಅಲ್ಲಲ್ಲೇ ನುಂಗಿಬಿಡುತ್ತದೆ. ಹಾಗಾಗಿ ಈ ಜೀವಾಣು ಗೊಬ್ಬರಗಳ ಫಲಿತಾಂಶ ಊರಿಂದೂರಿಗೆ ಬದಲಾಗುವುದು ಅಚ್ಚರಿಯಲ್ಲ. ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹಾಕಿದಾಗ ಅವಕ್ಕೆ ತಿನ್ನಲು ಇಂಗಾಲ ಸಿಗುತ್ತದೆ.

ಹ್ಯೂಮಿಕ್ ಮತ್ತು ಫಲ್ವಿಕ್ ಆಮ್ಲಗಳು ಒಂದೊಂದು ಅಣುವಿನ ಹೆಸರಲ್ಲ. ಮಣ್ಣು, ಗೊಬ್ಬರ ಅಥವಾ ಲಿಗ್ನೈಟನ್ನು ಕ್ಷಾರದಲ್ಲಿ ಕಲಕಿದಾಗ ಬರುವ ಕಪ್ಪು ಮಿಶ್ರಣಗಳು. ಗಿಡ ಹ್ಯೂಮಸ್ಸನ್ನೇ ತಿಂದು ಬದುಕುತ್ತದೆ ಎಂಬ ಹಳೆಯ ವಾದವನ್ನು ಯುಸ್ಟಸ್ ಫಾನ್ ಲೀಬಿಗ್ 1840ರಲ್ಲಿ ಬದಿಗೆ ಸರಿಸಿದ. ಇಂಥ ಬೃಹದಣುಗಳು ಮಣ್ಣಿನಲ್ಲಿ ಈ ರೂಪದಲ್ಲೇ ಇವೆಯೇ, ಇಲ್ಲವೇ ಕ್ಷಾರದ ಕೈವಾಡವೇ ಎಂಬ ಪ್ರಶ್ನೆಯನ್ನು ಯೊಹಾನ್ಸ್ ಲೇಮನ್ ಮತ್ತು ಮಾರ್ಕಸ್ ಕ್ಲೆಬರ್ 2015ರಲ್ಲಿ ಗಟ್ಟಿಯಾಗಿ ಎತ್ತಿದರು. ಅದೇನೇ ಇರಲಿ, ಎರೆಗೊಬ್ಬರದಿಂದ ತೆಗೆದ ಹ್ಯೂಮಿಕ್ ಅಂಶ ಮೆಕ್ಕೆಜೋಳದ ಬೇರಿನ ಪ್ರೋಟಾನು ಪಂಪನ್ನು ಚುರುಕುಗೊಳಿಸಿ ಪಕ್ಕಬೇರುಗಳನ್ನು ಹೆಚ್ಚಿಸಿದ್ದನ್ನು ಬ್ರೆಜಿಲಿನ ಸಂಶೋಧಕರು 2002ರಲ್ಲಿ ತೋರಿಸಿದ್ದಾರೆ. ಪರಿಣಾಮ ಹಾರ್ಮೋನಿನಂಥದು, ಗೊಬ್ಬರದಂಥದಲ್ಲ. ಭಾರತದಲ್ಲಿ 2021ರ ಫೆಬ್ರುವರಿಯಲ್ಲಿ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ಮಾಡಿ ಜೈವಿಕ ಉತ್ತೇಜಕಗಳೆಂಬ ಪ್ರತ್ಯೇಕ ವರ್ಗವನ್ನು ಸೇರಿಸಲಾಯಿತು. ಹ್ಯೂಮಿಕ್, ಫಲ್ವಿಕ್ ಆಮ್ಲಗಳು ಅದರೊಳಗೆ ಬರುತ್ತವೆ. ಅಲ್ಲಿಯವರೆಗೆ ಯಾವ ಮಾನದಂಡವೂ ಇಲ್ಲದೆ ಮಾರಾಟವಾಗುತ್ತಿದ್ದ ಕಪ್ಪು ಬಾಟಲಿಗಳ ತಯಾರಕರು ಈಗ ಅದರೊಳಗೇನಿದೆ, ಯಾವ ಬೆಳೆಗೆ ಎಷ್ಟು ಹಾಕಬೇಕು, ಹೊಲದಲ್ಲಿ ಪರೀಕ್ಷಿಸಿದಾಗ ಏನಾಯಿತು ಎಂಬ ದಾಖಲೆ ಸಲ್ಲಿಸಬೇಕು.